ಹಳೆಯ ದ್ರಾಕ್ಷಿತೋಟ, ನೆಲಮಾಳಿಗೆ, ಒಂದು ಲೋಟ ವೈನ್: ಆರು ಜಾಗಗಳಲ್ಲಿ ನಿಮಗೆ ಯಾವುದು?

ಪ್ರವಾಸದಲ್ಲಿ ಒಂದೆರಡು ದಿನ ಹಳೆಯ ದ್ರಾಕ್ಷಿತೋಟಕ್ಕೆ ಎತ್ತಿಡಬೇಕು ಎಂದುಕೊಂಡವರಿಗೆ ಮೊದಲು ಎದುರಾಗುವುದೇ ಗೊಂದಲ. ಹುಡುಕಲು ಕೂತರೆ ಹತ್ತಾರು ಹೆಸರು ಬರುತ್ತವೆ. ಎಲ್ಲ ಕಡೆಯೂ ಶತಮಾನಗಳ ಇತಿಹಾಸ, ಎಲ್ಲ ಕಡೆಯೂ ಕಲ್ಲಿನ ಕಮಾನು, ಸಾಲು ಸಾಲು ಓಕ್ ಪೀಪಾಯಿ. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಹೋಗಿ ನಿಂತಾಗ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ.

ಹಾಗಾಗಿ ಆರು ಜಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡೋಣ. ಫ್ರಾನ್ಸಿನ ರೈಮ್ಸ್ ಮತ್ತು ಕ್ಲೋ ದ ವೂಜೊ, ಪೋರ್ಚುಗಲ್‌ನ ದೋರು ಕಣಿವೆ, ಹಂಗೇರಿಯ ಟೊಕಾಯ್, ಜರ್ಮನಿಯ ಶ್ಲಾಸ್ ಯೋಹಾನಿಸ್‌ಬರ್ಗ್, ದಕ್ಷಿಣ ಆಫ್ರಿಕಾದ ಗ್ರೂಟ್ ಕಾನ್‌ಸ್ಟಾನ್ಶಿಯಾ.

ಮೊದಲು ಅಳತೆಗೋಲು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ. ಬಳ್ಳಿ ಬೆಳೆಯುವ ನೆಲ, ವೈನ್ ಮಾಗುವ ನೆಲಮಾಳಿಗೆ, ಅದನ್ನು ಕುಡಿಯುವ ಮೇಜು ಇವು ಮೂರೂ ಒಂದೇ ಜಾಗದಲ್ಲಿವೆಯಾ? ತುಂಬಾ ಜನ ಇವೆಲ್ಲ ಒಟ್ಟಿಗೇ ಇರುತ್ತವೆ ಎಂದು ನಂಬಿ ಹೋಗುತ್ತಾರೆ. ಹೆಸರುವಾಸಿ ಜಾಗಗಳಲ್ಲಿ ಹೆಚ್ಚಿನ ಕಡೆ ಹಾಗಿಲ್ಲ. ಒಂದು ಕಡೆ ನೆಲಮಾಳಿಗೆ ಮಾತ್ರ ಇರುತ್ತದೆ, ತೋಟ ಊರಾಚೆ. ಇನ್ನೊಂದು ಕಡೆ ತೋಟವಿದೆ, ವೈನ್ ತಯಾರಾಗುವುದು ಬೇರೆಲ್ಲೋ. ನಿಮಗೆ ಯಾವುದು ಬೇಕು ಎಂದು ಮೊದಲೇ ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದಂತೆ.

ಎರಡನೆಯದು, ನಿಜಕ್ಕೂ ಹಳೆಯದು ಯಾವುದು ಎಂಬ ಪ್ರಶ್ನೆ. ಐನೂರು ವರ್ಷದ ತೋಟ ಎಂದರೆ ಐನೂರು ವರ್ಷದ ಬಳ್ಳಿ ಎಂದಲ್ಲ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಬೇರು ಹೀರಿ ಯುರೋಪಿನ ಹೆಚ್ಚುಕಡಿಮೆ ಎಲ್ಲ ತೋಟಗಳನ್ನೂ ಹಾಳುಮಾಡಿತು. ಅಮೆರಿಕದ ಬಳ್ಳಿಯ ಬೇರು ಈ ಕೀಟವನ್ನು ತಾಳಿಕೊಳ್ಳುತ್ತದೆ. ಆ ಬೇರಿನ ಮೇಲೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದರು. ಆದ್ದರಿಂದ ನೀವು ನೋಡಲು ಹೋಗುತ್ತಿರುವ ಹಳತು ಬಳ್ಳಿಯಲ್ಲ. ಅದು ಗೋಡೆ, ಮೆಟ್ಟಿಲು ತೋಟ, ಗಾಣ, ಗುಹೆ, ಗಡಿಕಲ್ಲು.

ಮೂರನೆಯದು ನಿಮ್ಮ ನಾಲಿಗೆ. ವೈನ್ ಹೊಸದಾದವರಿಗೆ ಒಗರು ಜಾಸ್ತಿ ಇರುವ ಕೆಂಪು ವೈನ್ ಮೊದಲ ಗುಟುಕಿಗೇ ಹಿಡಿಸುವುದು ಕಷ್ಟ. ಸಿಹಿ ಮತ್ತು ಹುಳಿ ಸಮವಾಗಿರುವ ವೈನ್ ಬೇಗ ಒಗ್ಗುತ್ತದೆ. ನಾಲ್ಕನೆಯದು ಕಾರು ಓಡಿಸದೆ ಹೋಗಿ ಬರಲು ಆಗುತ್ತದಾ ಎಂಬುದು. ರುಚಿ ನೋಡುವ ದಿನ ಯಾರೂ ಸ್ಟಿಯರಿಂಗ್ ಹಿಡಿಯಬಾರದು. ಹಂಗೇರಿಯಲ್ಲಂತೂ ಕಾನೂನೇ ಖಡಕ್ಕು, ಕುಡಿದು ಓಡಿಸುವವರಿಗೆ ಒಂದು ತೊಟ್ಟಿನ ರಿಯಾಯಿತಿಯೂ ಇಲ್ಲ. ಕೊನೆಯದು ದುಡ್ಡು, ಸಮಯ, ಮೊಣಕಾಲು. ಮೊಣಕಾಲು ಯಾಕೆ ಎಂದು ರೈಮ್ಸ್‌ನ ಮೆಟ್ಟಿಲುಗಳೇ ಹೇಳುತ್ತವೆ.

ರೈಮ್ಸ್: ನೆಲದಡಿಯ ಊರು

ಸಮಯ ಕಡಿಮೆ ಇರುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಪ್ಯಾರಿಸ್‌ನ ಗಾರ್ ದ ಲೆಸ್ತ್ ನಿಲ್ದಾಣದಲ್ಲಿ ಟಿಜಿವಿ ರೈಲು ಹತ್ತಿದರೆ ಸುಮಾರು 45 ನಿಮಿಷ. ಬೆಳಿಗ್ಗೆ ಹೋಗಿ ಸಂಜೆ ಪ್ಯಾರಿಸ್‌ಗೆ ವಾಪಸ್ ಬರಬಹುದು.

ಇಲ್ಲಿ ನೋಡಬೇಕಾದದ್ದು ನೆಲದಡಿ ಇದೆ. ರೋಮನ್ನರ ಕಾಲದಿಂದ ಊರು ಕಟ್ಟಲು ಸೀಮೆಸುಣ್ಣದ ಕಲ್ಲನ್ನು ಅಗೆದು ತೆಗೆದ ಗಣಿಗಳಿವು, ಈಗ ಶಾಂಪೇನ್ ಎಂಬ ಗುಳ್ಳೆ ವೈನ್ ಮಾಗುವ ನೆಲಮಾಳಿಗೆಗಳು. ಮೇಲೆ ಕಿರಿದಾದ ಬಾಯಿ, ಕೆಳಗೆ ಅಗಲವಾಗುತ್ತಾ ಹೋಗುವ ಬಿಳಿ ಗೋಡೆ. ಸುಮಾರು 30 ಮೀಟರ್ ಆಳದಲ್ಲಿ ನಿಂತು ತಲೆ ಎತ್ತಿದರೆ ಮೇಲೊಂದು ಚೌಕದಷ್ಟು ಬೆಳಕು ಕಾಣುತ್ತದೆ. ವರ್ಷವಿಡೀ 10ರಿಂದ 12 ಡಿಗ್ರಿ ತಂಪು. ಗೋಡೆಗೆ ಕೈ ಇಟ್ಟರೆ ಒದ್ದೆ, ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಮೊದಲ ಮಹಾಯುದ್ಧದಲ್ಲಿ ಊರಿನ ಮೇಲೆ ಶೆಲ್ ಬೀಳುವಾಗ ಜನ ಈ ನೆಲಮಾಳಿಗೆಗಳಲ್ಲೇ ಬದುಕಿದರು, ಶಾಲೆಗಳೂ ಇಲ್ಲೇ ನಡೆದವು. ಶಾಂಪೇನ್ ಬಗ್ಗೆ ನಿಮಗೆ ಏನೂ ಆಸಕ್ತಿ ಇಲ್ಲದಿದ್ದರೂ ಈ ಜಾಗ ನೋಡಬೇಕು ಅನ್ನುತ್ತೇನೆ.

ಶಾಂಪೇನ್ ತಯಾರಿಯನ್ನು ಅರ್ಥಮಾಡಿಕೊಳ್ಳಲೂ ಇದೇ ಸರಿಯಾದ ಜಾಗ. ಬಾಟಲಿಯೊಳಗೇ ಎರಡನೇ ಸಲ ಹುದುಗು ಬರುತ್ತದೆ, ಅದರಿಂದ ಗುಳ್ಳೆ. ಹುದುಗಿನ ಗಷ್ಟು ತಳದಲ್ಲಿ ಕೂರುತ್ತದೆ. ಬಾಟಲಿಗಳನ್ನು ಓರೆಯಾಗಿ ಹಲಗೆಗೆ ಸಿಕ್ಕಿಸಿ, ದಿನವೂ ಸ್ವಲ್ಪ ತಿರುಗಿಸುತ್ತಾ ನಿಧಾನಕ್ಕೆ ತಲೆಕೆಳಗು ಮಾಡಿದರೆ ಗಷ್ಟು ಕತ್ತಿಗೆ ಇಳಿಯುತ್ತದೆ. ಕತ್ತಿನ ಭಾಗವನ್ನಷ್ಟೇ ಹೆಪ್ಪುಗಟ್ಟಿಸಿ ಬಿರಡೆ ತೆಗೆದರೆ ಗಷ್ಟು ಹೊರಕ್ಕೆ ಚಿಮ್ಮುತ್ತದೆ. ಈ ತಿರುಗಿಸುವ ವಿಧಾನ 19ನೇ ಶತಮಾನದ ಆರಂಭದಲ್ಲಿ ಶುರುವಾದದ್ದು ವ್ಯೂವ್ ಕ್ಲಿಕೋ ಎಂಬ ಶಾಂಪೇನ್ ಮನೆಯ, ಅಂದರೆ ಶಾಂಪೇನ್ ತಯಾರಿಸುವ ಕಂಪನಿಯ, ನೆಲಮಾಳಿಗೆಯಲ್ಲಿ. ಆಗ ಆ ಮನೆಯನ್ನು ನಡೆಸುತ್ತಿದ್ದವರು 1805ರಲ್ಲಿ, 27ರ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಮದಾಮ್ ಕ್ಲಿಕೋ.

ಇನ್ನು ಕೊರತೆಗಳು. ತೋಟ ಕಾಣುವುದಿಲ್ಲ, ಅದು ಊರಾಚೆಯ ಗುಡ್ಡಗಳಲ್ಲಿದೆ. ಈ ಆರರಲ್ಲಿ ಜೇಬಿಗೆ ಭಾರವಾದದ್ದೂ ಇದೇ. ದೊಡ್ಡ ಮನೆಗಳ ಟಿಕೆಟ್ ದರ ಲೋಟದಲ್ಲಿ ಏನಿದೆ ಎಂಬುದರ ಮೇಲೆ ಏರುತ್ತದೆ. ಸಾಮಾನ್ಯ ಶಾಂಪೇನ್‌ಗೆ ಒಂದು ದರ, ಒಂದೇ ವರ್ಷದ ಬೆಳೆಯಿಂದ ಮಾಡಿದ್ದಕ್ಕೆ ಬೇರೆ ದರ. ಮೊದಲ ಸಲ ಹೋಗುವವರಿಗೆ ಅತಿ ಕಡಿಮೆ ದರದ ಟಿಕೆಟ್ ಸಾಕು, ಗುಹೆ ಒಂದೇ ಅಲ್ವಾ. 1729ರಲ್ಲಿ ಶುರುವಾದ ರುಯಿನಾರ್ ಅತಿ ಹಳೆಯ ಶಾಂಪೇನ್ ಮನೆ, ಆದರೆ ದುಬಾರಿ. ಪೊಮ್ಮರಿಯಲ್ಲಿ 116 ಮೆಟ್ಟಿಲು ಇಳಿಯಬೇಕು. ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದರೆ ಲಿಫ್ಟ್ ಇದೆಯಾ ಎಂದು ಕೇಳಿಯೇ ಬುಕ್ ಮಾಡಿ. ಎಂಥ ಬೇಸಿಗೆಯಾದರೂ ಸ್ವೆಟರ್ ಬೇಕು.

ಕ್ಲೋ ದ ವೂಜೊ: ಗೋಡೆಯೊಳಗಿನ ನೆಲ

ಬರ್ಗಂಡಿಯ ಈ ತೋಟ ಮಣ್ಣಿನ ಬಗ್ಗೆ ಕುತೂಹಲ ಇರುವವರಿಗೆ. 1098ರಲ್ಲಿ ಹುಟ್ಟಿದ ಸಿತೋ ಮಠದ ಸನ್ಯಾಸಿಗಳು 12ನೇ ಶತಮಾನದಿಂದ ಈ ಜಮೀನನ್ನು ತುಂಡು ತುಂಡಾಗಿ ಕೂಡಿಸಿ ಸುತ್ತ ಕಲ್ಲಿನ ಗೋಡೆ ಎಬ್ಬಿಸಿದರು. ಗೋಡೆಯೊಳಗೆ ಸುಮಾರು 50 ಹೆಕ್ಟೇರ್. ಒಳಗೆ ನಿಂತಿರುವ ಶ್ಯಾಟೋದಲ್ಲಿ, ಅಂದರೆ ಕೋಟೆಯಂಥ ಹಳೆಯ ಮನೆಯಲ್ಲಿ, ಮಧ್ಯಯುಗದ ನಾಲ್ಕು ಭಾರೀ ಮರದ ಗಾಣಗಳಿವೆ. ಇಡೀ ಓಕ್ ಮರದ ದಿಮ್ಮಿಗಳನ್ನೇ ಸನ್ನೆಯಾಗಿ ಬಳಸಿದ್ದಾರೆ. ಅವುಗಳ ಪಕ್ಕ ನಿಂತರೆ ಮನುಷ್ಯ ಪುಟ್ಟದಾಗಿ ಕಾಣುತ್ತಾನೆ.

ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿ ಸರ್ಕಾರದ ಪಾಲಾಗಿ, ಆಮೇಲೆ ಮಾರಾಟವಾಯಿತು. ಕಾಲಕ್ರಮೇಣ ತೋಟ ಪಾಲಾಗುತ್ತಾ ಹೋಗಿ ಈಗ ಸುಮಾರು 80 ಮಾಲೀಕರಿದ್ದಾರೆ. ಕೆಲವರಿಗೆ ಇರುವುದು ಕೆಲವೇ ಸಾಲು ಬಳ್ಳಿ. ಮೇಲಿನ ಇಳಿಜಾರಿನಲ್ಲಿ ಸುಣ್ಣಕಲ್ಲು ಜಾಸ್ತಿ, ನೀರು ಬಸಿದು ಹೋಗುತ್ತದೆ. ಕೆಳಗೆ ರಸ್ತೆಯ ಹತ್ತಿರ ಜಿಗುಟು ಮಣ್ಣು. ಆದರೂ ಎಲ್ಲ ಬಾಟಲಿಯ ಮೇಲೂ ಒಂದೇ ಹೆಸರು, ಒಂದೇ ದರ್ಜೆ. ಮೇಲಿಂದ ಕೆಳಕ್ಕೆ ಸುಮ್ನೆ ನಡೆದು ಬಂದರೂ ಕಾಲಡಿಯ ಮಣ್ಣು ಬದಲಾಗುವುದು ಗೊತ್ತಾಗುತ್ತದೆ.

ಇಲ್ಲಿ ಎಡವುವುದು ಎಲ್ಲಿ ಗೊತ್ತಾ? ಶ್ಯಾಟೋದಲ್ಲಿ ಈಗ ವೈನ್ ತಯಾರಿಸುವುದಿಲ್ಲ. ಅದು ಮ್ಯೂಸಿಯಂ ಇದ್ದ ಹಾಗೆ. ವೈನನ್ನು ಆಯಾ ಮಾಲೀಕರು ತಮ್ಮ ತಮ್ಮ ಊರಿನ ನೆಲಮಾಳಿಗೆಯಲ್ಲಿ ಮಾಡುತ್ತಾರೆ. ದೊಡ್ಡ ಹೆಸರಿನವರು ಹೊಸಬರಿಗೆ ಬಾಗಿಲು ತೆಗೆಯುವುದೂ ಕಡಿಮೆ. ಹಾಗಾಗಿ ಬೋನ್ ಪಟ್ಟಣದಲ್ಲಿ ಉಳಿದುಕೊಂಡು, ಒಂದು ಹೊತ್ತು ವೂಜೊಗೆ ಹೋಗಿ ಬಂದು, ರುಚಿ ನೋಡುವುದನ್ನು ಬೋನ್‌ನಲ್ಲೇ ಇಟ್ಟುಕೊಳ್ಳಿ. ಅಲ್ಲಿ 1443ರಲ್ಲಿ ಬಡರೋಗಿಗಳಿಗೆಂದು ಕಟ್ಟಿದ ಆಸ್ಪತ್ರೆಯೊಂದಿದೆ, ಬಣ್ಣದ ಹೆಂಚಿನದು. ಜನ ದಾನ ಕೊಟ್ಟ ದ್ರಾಕ್ಷಿತೋಟಗಳ ಆದಾಯದಿಂದಲೇ ಅದು ನಡೆಯಿತು. ಆ ತೋಟಗಳ ವೈನ್ ಈಗಲೂ ನವೆಂಬರ್‌ನ ಮೂರನೇ ಭಾನುವಾರ ಹರಾಜಾಗುತ್ತದೆ. ಆ ವಾರ ಹೋಟೆಲ್ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಪಿನೋ ನ್ವಾರ್ ದ್ರಾಕ್ಷಿಯ ಈ ಕೆಂಪು ವೈನ್ ತೆಳ್ಳಗೆ, ಘಮ ಜಾಸ್ತಿ. ಎಳೆಯದಾಗಿದ್ದಾಗ ಹುಳಿ ಮುಂದೆ ನಿಲ್ಲುತ್ತದೆ. ಆಗಲೇ ಹತ್ತಾರು ವೈನ್ ಕುಡಿದು, ಇದರಲ್ಲಿ ವ್ಯತ್ಯಾಸ ಎಲ್ಲಿದೆ ಎಂದು ಹುಡುಕುವ ಹಂತಕ್ಕೆ ಬಂದವರಿಗೆ ಬರ್ಗಂಡಿ ಹಬ್ಬ. ಮೊದಲ ಸಲದವರಿಗೆ ನಾನು ಇದನ್ನು ಹೇಳುವುದಿಲ್ಲ. ಖರ್ಚಿಗೆ ತಕ್ಕ ಖುಷಿ ಸಿಗದೆ ಹೋಗಬಹುದು.

ದೋರು: ಎರಡು ಪ್ರವಾಸ, ಒಂದು ನದಿ

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದು. ಕಾರಣ ಹೇಳುತ್ತೇನೆ.

ಪೋರ್ಟ್ ವೈನ್‌ನ ಕಥೆ ನದಿಯ ಎರಡು ತುದಿಯಲ್ಲಿದೆ. ಮೇಲೆ, ಒಳನಾಡಿನ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುತ್ತದೆ. ಕೆಳಗೆ ಸಮುದ್ರದ ಹತ್ತಿರ, ಪೋರ್ಟೊ ಊರಿನ ಎದುರು ದಡದ ವಿಲಾ ನೋವಾ ದ ಗಾಯಾದ ಉಗ್ರಾಣಗಳಲ್ಲಿ ವೈನ್ ಮಾಗುತ್ತದೆ. ಹಿಂದೆ ರಬೇಲೊ ಎಂಬ ಚಪ್ಪಟೆ ದೋಣಿಗಳಲ್ಲಿ ಪೀಪಾಯಿ ಇಳಿದು ಬರುತ್ತಿದ್ದವು. 1986ರವರೆಗೆ ಪೋರ್ಟ್ ರಫ್ತಾಗಬೇಕಾದರೆ ಗಾಯಾ ಮೂಲಕವೇ ಹೋಗಬೇಕಿತ್ತು.

ದುಡ್ಡು, ಸಮಯ ಎರಡೂ ಕಡಿಮೆ ಇದ್ದರೆ ಗಾಯಾ ಸಾಕು. ಪೋರ್ಟೊದಿಂದ 1886ರ ದೋಂ ಲೂಯಿಸ್ ಸೇತುವೆಯ ಮೇಲೆ ನಡೆದು ದಾಟಿದರೆ ಟೇಲರ್ಸ್, ಸ್ಯಾಂಡೆಮನ್, ಗ್ರಹಾಮ್ಸ್ ಕಂಪನಿಗಳ ಉಗ್ರಾಣಗಳೆಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ರೈಮ್ಸ್‌ಗಿಂತ ತುಂಬಾ ಅಗ್ಗ.

ಆದರೆ ಒಂದು ದಿನ ಜಾಸ್ತಿ ಸಿಕ್ಕರೆ ದಯವಿಟ್ಟು ಕಣಿವೆಗೆ ಹೋಗಿ. ಪೋರ್ಟೊದಿಂದ ಪಿನ್ಯಾಂವ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ನದಿ ಆ ಕಡೆಗೇ ಇರುತ್ತದೆ. ಪದರುಗಲ್ಲಿನ ಬೆಟ್ಟವನ್ನು ಒಡೆದು, ಅದೇ ಕಲ್ಲಿನಿಂದ ತಡೆಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ತೋಟ ಕಣ್ಣಿಗೆ ಕಾಣುವಷ್ಟು ದೂರವೂ ಹಬ್ಬಿದೆ. ನಡುನಡುವೆ ಕೆಲವು ಮೆಟ್ಟಿಲುಗಳಲ್ಲಿ ಬಳ್ಳಿಯೇ ಇಲ್ಲ. ಗೋಡೆ ಕುಸಿದು, ಪೊದೆ ಬೆಳೆದು, ಅಲ್ಲಲ್ಲಿ ಆಲಿವ್ ಮರ ನಿಂತಿರುತ್ತದೆ. ಫಿಲಾಕ್ಸೆರಾ ಬಂದಾಗ ಸತ್ತು, ಮತ್ತೆ ಯಾರೂ ನೆಡದ ಜಾಗಗಳವು. ಅಲ್ಲಿಯವರು ಅವುಗಳನ್ನು ಮೊರ್ತೋರಿಯು ಅನ್ನುತ್ತಾರೆ. ಒಂದು ಕೀಟ ಏನು ಮಾಡಿತು ಎಂಬುದರ ಗುರುತು ಇಷ್ಟು ಸ್ಪಷ್ಟವಾಗಿ ಉಳಿದದ್ದು ಬೇರೆಲ್ಲೂ ನನಗೆ ಕಂಡಿಲ್ಲ. 1756ರಲ್ಲಿ ಪೋರ್ಚುಗಲ್‌ನ ಮಂತ್ರಿ ಮಾರ್ಕ್ವಿಸ್ ಪೊಂಬಾಲ್ ಈ ಪ್ರದೇಶಕ್ಕೆ ಕಾನೂನಿನ ಗಡಿ ಹಾಕಿ, ಗ್ರಾನೈಟ್ ಗಡಿಕಲ್ಲು ನೆಡಿಸಿದ. ಅವುಗಳಲ್ಲಿ ಕೆಲವು ಇನ್ನೂ ನಿಂತಿವೆ.

ಪೋರ್ಟ್ ಸಿಹಿ ಯಾಕೆ? ಹುದುಗು ಬರುತ್ತಿರುವಾಗಲೇ, ಎರಡು ಮೂರು ದಿನದೊಳಗೆ, ದ್ರಾಕ್ಷಿಯ ಗಟ್ಟಿ ಸಾರಾಯಿ ಸುರಿಯುತ್ತಾರೆ. ಹುದುಗು ನಿಂತುಹೋಗಿ ಸಕ್ಕರೆ ಉಳಿಯುತ್ತದೆ. ಹೊಸಬರಿಗೂ ಥಟ್ಟನೆ ಹಿಡಿಸುತ್ತದೆ. ಅಪಾಯವೂ ಅಲ್ಲೇ ಇದೆ, ಇದರಲ್ಲಿ ಆಲ್ಕೊಹಾಲ್ ಸುಮಾರು 20%. 60 ಮಿ.ಲೀ.ನ ಮೂರು ಲೋಟ ಕುಡಿದರೆ 12%ನ ಮಾಮೂಲಿ ವೈನ್ 300 ಮಿ.ಲೀ. ಕುಡಿದಷ್ಟಾಯಿತು. ಪೋರ್ಟ್‌ನಲ್ಲೇ ರೂಬಿ, ಟಾನಿ ಎಂಬ ಬಗೆಗಳಿವೆ. ರೂಬಿ ಒಂದು, ಹತ್ತು ವರ್ಷದ ಟಾನಿ ಒಂದು, ಇಪ್ಪತ್ತು ವರ್ಷದ ಟಾನಿ ಒಂದು ತರಿಸಿ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲನೆಯದು ಕಡುಗೆಂಪು, ಹಣ್ಣಿನ ರುಚಿ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಬಣ್ಣ ತಿಳಿಯಾಗುತ್ತಾ ಕಂದಾಗುತ್ತದೆ, ಒಣಹಣ್ಣು, ಹುರಿದ ಬಾದಾಮಿಯ ಘಮ ಬರುತ್ತದೆ. ಪೀಪಾಯಿ ವೈನ್‌ಗೆ ಏನು ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಜುಲೈ, ಆಗಸ್ಟ್‌ನಲ್ಲಿ ಕಣಿವೆ ಕಾದ ಬಾಣಲೆ, 40 ಡಿಗ್ರಿ ದಾಟುವ ದಿನಗಳಿವೆ. ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಸೆಪ್ಟೆಂಬರ್ ಕೊಯ್ಲಿನ ಕಾಲ. ಕೆಲವು ತೋಟಗಳಲ್ಲಿ ಈಗಲೂ ಕಲ್ಲಿನ ತೊಟ್ಟಿಯಲ್ಲಿ ಕಾಲಿಂದ ದ್ರಾಕ್ಷಿ ತುಳಿಯುತ್ತಾರೆ. ಅದನ್ನು ನೋಡಬೇಕಾದರೆ ತಿಂಗಳುಗಳ ಮೊದಲೇ ಜಾಗ ಹಿಡಿಯಬೇಕು.

ಟೊಕಾಯ್: ಕಡಿಮೆ ದುಡ್ಡಿಗೆ ಅಪರೂಪದ್ದು

ಬಜೆಟ್ ಬಿಗಿ ಇದೆ, ಆದರೆ ಬೇರೆ ಯಾರೂ ಹೇಳದ ಕಥೆ ಬೇಕು ಎನ್ನುವವರಿಗೆ ಟೊಕಾಯ್. ಬುಡಾಪೆಸ್ಟ್‌ನಿಂದ ರೈಲಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಹಂಗೇರಿಯ ಹಣ ಫೋರಿಂಟ್ ಲೆಕ್ಕದಲ್ಲಿ ಊಟ, ವಸತಿ, ವೈನ್ ಮೂರೂ ಫ್ರಾನ್ಸಿಗಿಂತ ಎಷ್ಟೋ ಅಗ್ಗ.

ಬೊದ್ರೋಗ್ ಮತ್ತು ತಿಸಾ ನದಿಗಳು ಸೇರುವ ಜಾಗ ಇದು. ಶರತ್ಕಾಲದ ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು. ಈ ಹವೆಯಲ್ಲಿ ದ್ರಾಕ್ಷಿಗೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಅದು ಸಿಪ್ಪೆಯಲ್ಲಿ ಸಣ್ಣ ತೂತು ಮಾಡಿ ನೀರು ಆರುವಂತೆ ಮಾಡುತ್ತದೆ. ಒಣಗಿ ಮುದುಡಿದ ಆ ಹಣ್ಣನ್ನು ಒಂದೊಂದಾಗಿ ಕೈಯಲ್ಲಿ ಆರಿಸಿ, ರಸದಲ್ಲೋ ವೈನ್‌ನಲ್ಲೋ ನೆನೆಹಾಕಿ ಮಾಡುವುದೇ ಅಸೂ. ಈಗಿನ ನಿಯಮದಂತೆ ಲೀಟರ್‌ಗೆ ಕನಿಷ್ಠ 120 ಗ್ರಾಂ ಸಕ್ಕರೆ ಉಳಿದಿರಬೇಕು. ಆದರೂ ಬಾಯಿ ಜಿಗುಟಾಗುವುದಿಲ್ಲ, ಫುರ್ಮಿಂಟ್ ದ್ರಾಕ್ಷಿಯ ಹುಳಿ ಅಷ್ಟು ಚುರುಕು. ನೆನೆಹಾಕುವ ಮೊದಲೇ ಹಣ್ಣಿನ ರಾಶಿಯಿಂದ ತಾನಾಗಿ ಜಿನುಗುವ ರಸ ಎಸೆನ್ಸಿಯಾ. ಅದನ್ನು ಚಮಚದಲ್ಲಿ ಕೊಡುತ್ತಾರೆ.

ಜ್ವಾಲಾಮುಖಿಯ ಮೆತ್ತನೆ ಕಲ್ಲಿನಲ್ಲಿ ಕೊರೆದ ನೆಲಮಾಳಿಗೆಗಳ ಗೋಡೆಯ ಮೇಲೆಲ್ಲ ಕಪ್ಪು ಬೂಷ್ಟು, ಮಕಮಲ್ ಹೊದಿಸಿದಂತೆ. ಅದನ್ನು ಯಾರೂ ಒರೆಸುವುದಿಲ್ಲ, ಒಳಗಿನ ತೇವ ಹದವಾಗಿರಲು ಅದೂ ಬೇಕು ಅನ್ನುತ್ತಾರೆ. ಬೂಷ್ಟಿನ ಅಲರ್ಜಿ, ಉಬ್ಬಸ ಇರುವವರು ಯೋಚಿಸಿ ಇಳಿಯಿರಿ. ಇನ್ನೊಂದು ಮಾತು, ಇಲ್ಲಿನ ತೋಟಗಳು ಮಾದ್, ತರ್ಸಲ್, ತೊಲ್ಚ್ವಾ ಎಂದು ಹಳ್ಳಿಗಳಲ್ಲಿ ಹರಡಿಕೊಂಡಿವೆ. ಹಳ್ಳಿಯಿಂದ ಹಳ್ಳಿಗೆ ಬಸ್ಸು ಕಡಿಮೆ. ಟೊಕಾಯ್ ಪಟ್ಟಣ, ಮಾದ್ ಎರಡನ್ನೇ ಆರಿಸಿಕೊಂಡು ಒಂದು ರಾತ್ರಿ ಉಳಿದರೆ ಸರಿಹೋಗುತ್ತದೆ.

ಶ್ಲಾಸ್ ಯೋಹಾನಿಸ್‌ಬರ್ಗ್: ಒಂದೇ ಗುಡ್ಡ, ಒಂದೇ ದ್ರಾಕ್ಷಿ

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಅರ್ಧ ದಿನದ ಕೆಲಸ. ರೈನ್ ನದಿಯ ಮೇಲಿನ ಒಂದು ಗುಡ್ಡ, ಮೇಲೆ ಅರಮನೆ, ಕೆಳಗೆ ರೀಸ್ಲಿಂಗ್ ಬಳ್ಳಿ. ನಾನು ಮೊದಲು ಕೇಳಿದ ಮೂರೂ ಇಲ್ಲಿ ಒಟ್ಟಿಗೇ ಇವೆ. 1720ರಲ್ಲಿ ಇಲ್ಲಿ ರೀಸ್ಲಿಂಗ್ ನೆಟ್ಟರು. ಕೊಯ್ಲಿಗೆ ಅಪ್ಪಣೆ ತರಬೇಕಿದ್ದ ಸವಾರ 1775ರಲ್ಲಿ ತಡವಾಗಿ ಬಂದ, ಅಷ್ಟರಲ್ಲಿ ಹಣ್ಣಿಗೆ ಬೂಷ್ಟು ಹಿಡಿದಿತ್ತು, ಅದರಿಂದಲೇ ಅದ್ಭುತ ವೈನ್ ಆಯಿತು ಎಂದು ಇಲ್ಲಿಯವರು ಹೇಳುತ್ತಾರೆ. ಆ ಸವಾರನ ಪ್ರತಿಮೆ ಅಂಗಳದಲ್ಲಿದೆ. ಆಲ್ಕೊಹಾಲ್ ಕಡಿಮೆ ಇರುವ, ಸಿಹಿ ಹುಳಿ ಸೇರಿದ ರೀಸ್ಲಿಂಗ್ ಹೊಸಬರಿಗೆ ನನ್ನ ಮೊದಲ ಆಯ್ಕೆ. ಇದಕ್ಕೆಂದೇ ಜರ್ಮನಿಗೆ ಹೋಗಬೇಕಾಗಿಲ್ಲ, ಹೋದವರು ಬಿಡಬಾರದು.

ಗ್ರೂಟ್ ಕಾನ್‌ಸ್ಟಾನ್ಶಿಯಾ: ಕುಟುಂಬದ ಜೊತೆಗಾದರೆ

ಮಕ್ಕಳು, ಹಿರಿಯರು, ಕುಡಿಯದವರು ಎಲ್ಲರೂ ಇರುವ ಗುಂಪಿಗೆ ನಾನು ಹೇಳುವುದು ಇದನ್ನೇ. ಕೇಪ್‌ಟೌನ್ ಊರಿಗೆ ಅಂಟಿಕೊಂಡೇ ಇದೆ. ಪ್ರವಾಸಿಗರ ಬಸ್ಸೂ ಇಲ್ಲಿಗೆ ಬರುತ್ತದೆ. ತೋಟ, ಹಳೆಯ ಮನೆ, ನೆಲಮಾಳಿಗೆ, ಊಟದ ಜಾಗ ಎಲ್ಲವೂ ಒಂದೇ ಆವರಣದಲ್ಲಿ. ವೈನ್ ಜೊತೆ ಚಾಕಲೇಟ್ ಕೊಟ್ಟು ರುಚಿ ನೋಡಿಸುವುದೂ ಉಂಟು.

ಕೇಪ್‌ನ ಡಚ್ ಆಡಳಿತಗಾರ ಸೈಮನ್ ವಾನ್ ಡೆರ್ ಸ್ಟೆಲ್ 1685ರಲ್ಲಿ ಶುರುಮಾಡಿದ ತೋಟ. ಇಲ್ಲಿನ ಸಿಹಿ ವೈನ್ 18, 19ನೇ ಶತಮಾನದಲ್ಲಿ ಯುರೋಪಿನ ಅರಮನೆಗಳಿಗೆ ಹೋಗುತ್ತಿತ್ತು. ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೂ ಇದೇ ಬೇಕಿತ್ತು. 1791ರ ಉಗ್ರಾಣದ ಮುಂಭಾಗದಲ್ಲಿ ಆಂಟನ್ ಆನ್‌ರೈತ್ ಮಾಡಿದ ಉಬ್ಬುಶಿಲ್ಪ ನೋಡಿ. ಮುಖ್ಯ ಮನೆ 1925ರಲ್ಲಿ ಸುಟ್ಟು, ಆಮೇಲೆ ಮತ್ತೆ ಕಟ್ಟಿದ್ದು.

ಈ ಮನೆಯ ಮ್ಯೂಸಿಯಂ ಅನ್ನು ದಾಟಿ ನೇರ ವೈನ್ ಮೇಜಿಗೆ ಹೋಗಬೇಡಿ. ಈ ತೋಟವನ್ನು ದುಡಿದು ಬೆಳೆಸಿದವರು ಗುಲಾಮರು. ಕೇಪ್‌ಗೆ ಹೀಗೆ ತಂದವರಲ್ಲಿ ಮಡಗಾಸ್ಕರ್, ಮೊಜಾಂಬಿಕ್, ಇಂಡೊನೇಷ್ಯಾದವರ ಜೊತೆ ಬಂಗಾಳ, ಮಲಬಾರ್ ಕಡೆಯವರೂ ಇದ್ದರು. ಆ ಕಥೆಯನ್ನು ಅಲ್ಲಿ ಮುಚ್ಚಿಟ್ಟಿಲ್ಲ. ಅದನ್ನು ಓದಿ ಬಂದ ಮೇಲೆ ತೋಟ ಬೇರೆಯೇ ಕಾಣುತ್ತದೆ.

ರ‍್ಯಾಂಡ್‌ನಲ್ಲಿ ಕೊಡುವ ಟಿಕೆಟ್ ಯೂರೋ ಲೆಕ್ಕಕ್ಕೆ ಹೋಲಿಸಿದರೆ ಅಗ್ಗ, ಆದರೆ ಅಷ್ಟು ದೂರದ ವಿಮಾನದ ಖರ್ಚು ಸೇರಿಸಿ ನೋಡಿ. ಋತು ತಿರುಗುಮುರುಗು ಎಂಬುದೂ ನೆನಪಿರಲಿ. ಕೊಯ್ಲು ಜನವರಿಯಿಂದ ಏಪ್ರಿಲ್ ಹೊತ್ತಿಗೆ. ಜುಲೈನಲ್ಲಿ ಹೋದರೆ ಬೋಳು ಬಳ್ಳಿ, ಮಳೆ.

ಹಾಗಾದರೆ?

ಪ್ಯಾರಿಸ್ ಪ್ರವಾಸದಲ್ಲಿ ಒಂದೇ ದಿನ ಉಳಿದಿದೆ ಎಂದರೆ ರೈಮ್ಸ್. ಒಂದೇ ಪ್ರವಾಸದಲ್ಲಿ ತೋಟವನ್ನೂ ನೆಲಮಾಳಿಗೆಯನ್ನೂ ಸಾಧಾರಣ ಖರ್ಚಲ್ಲಿ ನೋಡಬೇಕು, ಕಾರು ಬೇಡ ಎಂದರೆ ದೋರು, ಮೂರು ದಿನ ಇಟ್ಟುಕೊಳ್ಳಿ. ಟೊಕಾಯ್‌ಗೂ ದೋರುಗೂ ನಡುವೆ ತೂಗುತ್ತಿದ್ದರೆ ನೋಟಕ್ಕೆ ದೋರು, ಲೋಟಕ್ಕೆ ಟೊಕಾಯ್. ವೂಜೊಗೆ ಹೋಗುವವರು ಮೊದಲು ಒಂದೆರಡು ಬರ್ಗಂಡಿ ಬಾಟಲಿ ಕುಡಿದು ನೋಡಿ, ಇಷ್ಟವಾದರೆ ಮಾತ್ರ ಟಿಕೆಟ್ ತೆಗೆಯಿರಿ.

ಎಲ್ಲಿಗೇ ಹೋದರೂ ದಿನಕ್ಕೆ ಎರಡು ಜಾಗ ಸಾಕು. ಮೂರನೆಯದರಲ್ಲಿ ನಾಲಿಗೆ ದಣಿದಿರುತ್ತದೆ. ಮೇಜಿನ ಮೇಲೆ ಇಟ್ಟಿರುವ ಬಕೆಟ್ ಉಗುಳುವುದಕ್ಕೇ ಇರುವುದು, ಸಂಕೋಚ ಬೇಡ. ವೈನ್ ಮಾಡುವವರೇ ಉಗುಳುತ್ತಾರೆ. ಸಸ್ಯಾಹಾರಿಗಳು ಒಂದು ಪ್ರಶ್ನೆ ಕೇಳಲೇಬೇಕು. ವೈನ್ ತಿಳಿಗೊಳಿಸಲು ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದ ಅಂಟು, ಹಾಲಿನ ಕೇಸೀನ್ ಬಳಸುವ ರೂಢಿ ಇದೆ. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ ಇದ್ದಾರೆ. ಕೇಳಿದರೆ ನೇರವಾಗಿ ಹೇಳುತ್ತಾರೆ.

ಬಾಟಲಿ ಕೊಳ್ಳುವುದಾದರೆ ಕೊನೆಯ ದಿನ ಕೊಳ್ಳಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ವೈನ್ ಕೆಡುತ್ತದೆ. ಟೊಕಾಯ್ ಅಸೂ ಅರ್ಧ ಲೀಟರ್ ಬಾಟಲಿಯಲ್ಲಿ ಬರುವುದರಿಂದ ಹೊರುವುದು ಸುಲಭ. ಟಾನಿ ಪೋರ್ಟ್ ತೆರೆದ ಮೇಲೂ ಫ್ರಿಜ್‌ನಲ್ಲಿ ಕೆಲವು ವಾರ ಚೆನ್ನಾಗಿರುತ್ತದೆ, ಹಾಗಾಗಿ ಮನೆಯಲ್ಲಿ ಒಬ್ಬರೇ ಕುಡಿಯುವವರಿಗೆ ಅದೇ ವಾಸಿ. ಶಾಂಪೇನ್ ತೆರೆದ ದಿನವೇ ಮುಗಿಸಬೇಕು.